ಹಗುರದ ಮೆಷಿನ್

ಅವಳು ತೀರಿಕೊಂಡ ಸುದ್ದಿ ಬಂದಾಗ ನಾನು ಮೇಲಿನ ರೂಮಿನಲ್ಲಿ ಹಾಸಿಗೆ ಸರಿಮಾಡುತ್ತಿದ್ದೆ. ಕೆಳಗಿನಿಂದ ನಮ್ಮವರು ಕೂಗಿ ಹೇಳಿದರು: "ಕಳಸದಿಂದ ಫೋನು ಬಂದಿತ್ತು. ಬೆಳಿಗ್ಗೆ ಹೋದಳಂತೆ." ನಾನು "ಹಾಂ" ಎಂದೆ. ಕೈಯಲ್ಲಿದ್ದ ದಿಂಬಿಗೆ ಕವರು ಹಾಕಿ, ಇನ್ನೊಂದಕ್ಕೂ ಹಾಕಿ, ಎರಡನ್ನೂ ತಟ್ಟಿ ಸರಿಯಾಗಿಟ್ಟ ಮೇಲೆ ಮಂಚದ ಅಂಚಿನಲ್ಲಿ ಕೂತೆ. ಮಧ್ಯಾಹ್ನ ಅತಿಥಿಗಳು ಬರುವವರಿದ್ದರು. ಅವಳಿದ್ದಿದ್ದರೂ ಮೊದಲು ಕೆಲಸ ಮುಗಿಸಿಯೇ ಕೂರುತ್ತಿದ್ದಳು ಎಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ.

ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವಳ ಮಗಳು ಬದುಕಿದ್ದಾಳೆ, ಅವಳನ್ನು ಕೇಳುವ ಧೈರ್ಯ ನನಗಿಲ್ಲ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು. ಆದರೂ ಐದು ವರ್ಷ ನಾನು ಅವಳನ್ನು 'ನೀನು' ಎಂದೇ ಕರೆದೆ, ಅವಳು ನನ್ನನ್ನು 'ನೀವು' ಎಂದಳು. ನಮ್ಮ ಕಡೆ ತೋಟದ ಮನೆಯವರಿಗೂ ಕೆಲಸದವರಿಗೂ ನಡುವೆ ಇದ್ದ ರೂಢಿ ಅದು, ಯಾರೂ ಅದನ್ನು ವಿಚಾರಿಸುತ್ತಿರಲಿಲ್ಲ. ಈಗ ಬರೆಯುವಾಗ ಗೌರವಕ್ಕೆಂದು ಬಹುವಚನ ಹಾಕಿದರೆ ಅದೊಂದು ಸುಳ್ಳಾಗುತ್ತದೆ. ಈ ವಿಷಯದಲ್ಲಿ ನಾನು ಒಂದು ಸುಳ್ಳು ಹೇಳಿಯಾಗಿದೆ. ಇನ್ನೊಂದು ಬೇಡ.

ಎರಡು ಸಾವಿರದ ಆಚೀಚಿನ ಮಾತು. ಕಾಫಿಗೆ ಬೆಲೆಯಿಲ್ಲದ ಆ ವರ್ಷಗಳಲ್ಲಿ ಮೂಡಿಗೆರೆ ಸುತ್ತಿನ ತೋಟದವರು ಒಬ್ಬೊಬ್ಬರೇ ಹೋಂಸ್ಟೇ ಶುರು ಮಾಡಿದರು. ವಸ್ತಾರೆಯಿಂದ ಸ್ವಲ್ಪ ಒಳಗಿರುವ ನಮ್ಮ ತೋಟದಲ್ಲಿ, ಮನೆಯ ಹಿಂದಿನ ದಿಬ್ಬದ ಮೇಲೆ ಹಿಂದೆ ತೋಟದ ಲೆಕ್ಕ ಬರೆಯುವ ರೈಟರು ಇರುತ್ತಿದ್ದ ಒಂದು ಸಾಲು ಕಟ್ಟಡ ಖಾಲಿ ಬಿದ್ದಿತ್ತು. ಅದನ್ನೇ ರಿಪೇರಿ ಮಾಡಿಸಿ ಮೂರು ರೂಮು ಮಾಡಿದೆವು. ಮನೆಯಿಂದ ಅಲ್ಲಿಗೆ ಹೋಗಲು ಕಲ್ಲಿನ ಮೆಟ್ಟಿಲು. ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತಿತ್ತು, ಬೇಸಿಗೆಯಲ್ಲಿ ರಸ್ತೆಯ ಕೆಂಧೂಳು ಅಲ್ಲಿಯವರೆಗೂ ಏರಿ ಬಂದು ಕೂರುತ್ತಿತ್ತು. ಚಳಿಗೆ ನೆಲ ತಣ್ಣಗಿರುತ್ತದೆ ಎಂದು ಬಂದವರು ದೂರಿದ್ದಕ್ಕೆ ಮೂರೂ ರೂಮಿಗೆ ದಪ್ಪ ಕಾರ್ಪೆಟ್ಟು ಹಾಕಿಸಿದ್ದೆ. ಅದು ನನ್ನ ಆಯ್ಕೆ.

ರೂಮಿನ ಕೆಲಸಕ್ಕೆ ಅವಳು ಬಂದದ್ದು ಚಿಕ್ಕಮಗಳೂರಿನ ಒಂದು ಕ್ಯೂರಿಂಗ್ ವರ್ಕ್ಸಿನಿಂದ. ತೋಟಗಳಿಂದ ಬಂದ ಒಣ ಕಾಫಿಯ ಸಿಪ್ಪೆ ತೆಗೆದು, ಬೀಜ ವಿಂಗಡಿಸಿ, ಮೂಟೆ ಕಟ್ಟುವ ಜಾಗ ಅದು. ಮೊದಲು ಸಾಲಿನಲ್ಲಿ ಕೂತು ಕೆಟ್ಟ ಬೀಜ ಆರಿಸುತ್ತಿದ್ದಳಂತೆ. ಗಂಡ ಸತ್ತ ಮೇಲೆ, ಕೆಲಸ ತಪ್ಪದೆ ಸಿಗುತ್ತದೆಂದು ಸಿಪ್ಪೆ ಬೀಳುವ ಕಡೆ ಗುಡಿಸಲು ಸೇರಿದಳು. ಇಪ್ಪತ್ತು ವರ್ಷಕ್ಕೂ ಮೇಲೆ. "ಅಲ್ಲಿ ಬೆಳಿಗ್ಗೆ ಒಬ್ಬರ ಮುಖ ಒಬ್ಬರು ನೋಡಿದ್ರೆ ಆಯ್ತು ಅಮ್ಮಾ. ಮೆಷಿನ್ ಶುರುವಾದ್ಮೇಲೆ ಬರೀ ಕಣ್ಣು ಕಾಣ್ತಿತ್ತು," ಎಂದು ನಗುತ್ತಾ ಹೇಳಿದ್ದಳು. ಯಾಕೆ ಬಿಟ್ಟೆ ಎಂದರೆ, "ಸಾಕಾಯ್ತು," ಎಂದಳು. ಅದಕ್ಕಿಂತ ಹೆಚ್ಚು ನಾನೂ ಕೇಳಲಿಲ್ಲ.

ಮೊದಲ ದಿನದ್ದೊಂದು ನೆನಪಿದೆ. ಅವಳು ಬರುತ್ತಾಳೆಂದು ಇನ್ನೂ ಕಾರ್ಪೆಟ್ಟು ಹಾಕಿರದ ಒಂದು ರೂಮನ್ನು ನಾನೇ ಗುಡಿಸಿ ಒರೆಸಿ ಇಟ್ಟಿದ್ದೆ. ಹೀಗಿರಬೇಕು ನೋಡು ಎಂದು ತೋರಿಸಲು. ಅವಳು ಬಾಗಿಲಲ್ಲಿ ನಿಂತು ಒಂದು ಸಲ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ನೆಲದ ಮೇಲೆ ಹೊಟ್ಟೆಯಡಿಯಾಗಿ ಮಲಗಿಬಿಟ್ಟಳು. ಕೆನ್ನೆಯನ್ನು ನೆಲಕ್ಕೆ ಒತ್ತಿ, ಒಂದು ಕಣ್ಣು ಮುಚ್ಚಿ ಮಂಚದ ಅಡಿಗೆ ನೋಡಿದಳು.

"ಇಲ್ಲಿ ಮಲಗಿ ಅಮ್ಮಾ."

"ನಾನಾ?"

"ನಿಂತ್ಕಂಡು ನೋಡಿದ್ರೆ ಎಲ್ಲಾ ರೂಮೂ ಚೊಕ್ಕವೇ ಇರ್ತವೆ."

ನಾನೂ ಮಲಗಿದೆ. ಮಂಚದ ಅಡಿಯಲ್ಲಿ, ಗೋಡೆಯ ಬುಡದಲ್ಲಿ ಬೂದು ಬಣ್ಣದ ಧೂಳು ಹತ್ತಿಯ ಹಾಗೆ ಉಂಡೆಗಟ್ಟಿ ಕೂತಿತ್ತು. ಅವಳು ಎದ್ದು ಪೊರಕೆ ಕೇಳಿದಳು. ಅವತ್ತಿನಿಂದ ಆ ರೂಮುಗಳು ಅವಳವು. ನಮ್ಮವರು ಚಪ್ಪಲಿ ಹಾಕಿಕೊಂಡು ಹೊಸ್ತಿಲು ದಾಟಿದರೆ ಅವರಿಗೂ ಬೈಗುಳ ತಪ್ಪುತ್ತಿರಲಿಲ್ಲ.

ಅವಳ ಬಾಯಿ ಬಹಳ ಜೋರು. ದಿಂಬನ್ನು ಮೂಗಿಗೆ ಹಿಡಿದು, ಮಲಗಿದ್ದವನು ಬೀಡಿಯವನೋ ಸಿಗರೇಟಿನವನೋ ಹೇಳುತ್ತಿದ್ದಳು. ಒಮ್ಮೆ ಬಂದಿದ್ದ ಹೆಂಗಸೊಬ್ಬಳು ಕಿವಿಯ ಓಲೆ ಕಾಣುತ್ತಿಲ್ಲವೆಂದು, ರೂಮು ಗುಡಿಸಿದವಳನ್ನೇ ಕೇಳಿ ಎಂದು ನನಗೆ ಇಂಗ್ಲಿಷಿನಲ್ಲಿ ಹೇಳಿದಳು. ಇವಳಿಗೆ ಆ ಭಾಷೆ ಬಾರದಿದ್ದರೂ ಮುಖ ಓದಲು ಬರುತ್ತಿತ್ತು. ಹೋಗಿ ಅವತ್ತಿನ ಕಸದ ಬುಟ್ಟಿ ತಂದು, ಜಗಲಿಯ ಮೇಲೆ ಪೇಪರು ಹಾಸಿ ಸುರಿದು, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಬೆರಳಾಡಿಸಿದಳು. ಅರ್ಧ ಗಂಟೆ. ಓಲೆ ಸಿಕ್ಕಿತು. ಅದನ್ನು ಸೆರಗಿನಲ್ಲಿ ಒರೆಸಿ ಆ ಹೆಂಗಸಿನ ಅಂಗೈಯಲ್ಲಿಟ್ಟು, "ಮುಟ್ಟಿ ನೋಡ್ಕಳಿ, ಕಿವಿ ಎರಡೂ ಇದಾವಾ ಅಂತ," ಎಂದಳು. ಆ ಹೆಂಗಸಿಗೆ ಕನ್ನಡ ಬರುತ್ತಿರಲಿಲ್ಲ. ನಾನು 'ಅವಳು ಕ್ಷಮೆ ಕೇಳುತ್ತಿದ್ದಾಳೆ' ಎಂದು ತರ್ಜುಮೆ ಮಾಡಿದೆ.

ಆ ಅರ್ಧ ಗಂಟೆ ಧೂಳಿನ ಮೇಲೆ ಬಾಗಿದ್ದಕ್ಕೆ ಅವಳು ಎರಡು ದಿನ ಕೆಮ್ಮಿದಳು. ಅವಳ ಕೆಮ್ಮು ನನಗೆ ಸರಿಯಾಗಿ ಕೇಳಿಸಿದ್ದು ಆಗಲೇ. ಅದಕ್ಕೆ ಮೊದಲು ಅವಳು ಯಾರ ಎದುರಿಗೂ ಕೆಮ್ಮುತ್ತಿರಲಿಲ್ಲ. ಬಂತು ಅನ್ನಿಸಿದರೆ ಪೊರಕೆ ಗೋಡೆಗೆ ಒರಗಿಸಿ, ಏನೋ ನೆನಪಾದವಳಂತೆ ಸೌದೆ ಕೊಟ್ಟಿಗೆಯ ಹಿಂದಕ್ಕೆ ಹೋಗುತ್ತಿದ್ದಳು. ಬರುವಾಗ ಕಣ್ಣು ಕೆಂಪಗಿರುತ್ತಿತ್ತು. "ಎಂತಾ ಅದು?" ಎಂದರೆ, "ಹೊಗೆ" ಎನ್ನುತ್ತಿದ್ದಳು.

ನಾಲ್ಕನೇ ವರ್ಷ ಚಿಕ್ಕಮಗಳೂರಿಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದೆ. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಹಳೆಯ ಧೂಳು ಶ್ವಾಸಕೋಶದಲ್ಲಿ ಕೂತಿದೆ, ಹಾಳಾದದ್ದು ಸರಿಯಾಗುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬೇಕು, ಇನ್ನು ಮೇಲೆ ಧೂಳಿನಿಂದ ದೂರ ಇರಬೇಕು ಎಂದರು. ವಾಪಸು ಬರುವಾಗ ಜೀಪಿನಲ್ಲಿ ನಾನೇ ಕೇಳಿದೆ.

"ಅಡುಗೆಮನೆ ಕೆಲಸಕ್ಕೆ ಬರ್ತೀಯಾ? ರೂಮಿಗೆ ಬೇರೆ ಯಾರನ್ನಾದ್ರೂ ನೋಡಣ."

"ಅಡುಗೆಗೆ ಒಬ್ಳು ಇದಾಳಲ್ಲ. ನಾನು ಹೋದ್ರೆ ಅವ್ಳು ಎಲ್ಲಿಗೆ ಹೋಗದು?" ಸ್ವಲ್ಪ ಹೊತ್ತಾದ ಮೇಲೆ, "ಮಗಳ ಮನೆಗೆ ಹೋಗಿ ಕೂತ್ಕ ಅಂತ ಮಾತ್ರ ಹೇಳ್ಬೇಡಿ ಅಮ್ಮಾ. ಅಳಿಯ ಒಳ್ಳೆಯೋನು. ಆದ್ರೆ ನಂಗೆ ಕೂತು ಗೊತ್ತಿಲ್ಲ," ಎಂದಳು.

ಆಗ ನನಗೆ ವ್ಯಾಕ್ಯೂಮ್ ಕ್ಲೀನರಿನ ಯೋಚನೆ ಬಂತು. ಪೊರಕೆ ಧೂಳೆಬ್ಬಿಸುತ್ತದೆ, ಮೆಷಿನ್ನು ಧೂಳನ್ನು ಒಳಗೆ ಎಳೆದುಕೊಳ್ಳುತ್ತದೆ. ಇಷ್ಟು ಸುಲಭದ ದಾರಿ ಮೊದಲೇ ಯಾಕೆ ಹೊಳೆಯಲಿಲ್ಲ ಅನ್ನಿಸಿತು. ಮುಂದಿನ ವಾರ ಅವಳನ್ನೂ ಅಂಗಡಿಗೆ ಕರೆದುಕೊಂಡು ಹೋದೆ. ಅವಳು ಅವತ್ತು ಹೊಸ ಸೀರೆ ಉಟ್ಟಿದ್ದಳು.

ಪೇಟೆಯ ಆ ಎಲೆಕ್ಟ್ರಿಕ್ ಅಂಗಡಿಯ ಸಾಹೇಬರು ನಮ್ಮ ಮಾವನ ಕಾಲದಿಂದ ಪರಿಚಯ. ಅವರಲ್ಲಿ ಎರಡು ಮೆಷಿನ್ನು ಇದ್ದವು. ಒಂದು ನೆಟ್ಟಗೆ ನಿಲ್ಲುವಂಥದ್ದು, ಸೊಂಟದವರೆಗಿನ ಎತ್ತರ, ಅಡಿಯಲ್ಲಿ ಅಗಲವಾದ ಬಾಯಿ, ಬೆನ್ನಿಗೆ ಧೂಳು ತುಂಬುವ ಚೀಲ, ಪ್ಲಗ್ಗಿಗೆ ಹಾಕಲು ಉದ್ದನೆಯ ವೈರು. ಇನ್ನೊಂದಕ್ಕೆ ವೈರೇ ಇಲ್ಲ. ಕೋಲಿನ ಹಾಗೆ ತೆಳ್ಳಗೆ, ಚಾರ್ಜಿಗಿಟ್ಟು ತೆಗೆದರೆ ಕೈಯಲ್ಲಿ ಹಿಡಿದು ಎಲ್ಲಿ ಬೇಕಾದರೂ ಓಡಾಡಬಹುದು. ಸಾಹೇಬರು ಒಂದು ಚಾಪೆಯ ಮೇಲೆ ಮೈದಾ ಚೆಲ್ಲಿ ಎರಡನ್ನೂ ಓಡಿಸಿ ತೋರಿಸಿದರು. ಮೈದಾ ಎದ್ದದ್ದಕ್ಕೆ ಅವಳು ಕೆಮ್ಮಲು ಹೊರಗೆ ಹೋದಳು. ಒಳಗೆ ಬಂದವಳು ಕೇಳಿದ್ದು ಒಂದೇ ಪ್ರಶ್ನೆ.

"ಒಳಗೆ ಹೋದ ಧೂಳು ಆಮೇಲೆ ಎಲ್ಲಿಗೆ ಹೋಗ್ತದೆ ಸಾಹೇಬ್ರೇ?"

ಸಾಹೇಬರಿಗೆ ಖುಷಿಯಾಯಿತು. "ಇಷ್ಟು ವರ್ಷದಲ್ಲಿ ಈ ಪ್ರಶ್ನೆ ಯಾರೂ ಕೇಳಿಲ್ಲ ನೋಡಮ್ಮ," ಎಂದು ದೊಡ್ಡದರ ಬೆನ್ನು ಬಿಚ್ಚಿ ಚೀಲ ತೋರಿಸಿದರು. ತುಂಬಿದ ಮೇಲೆ ಅದರ ಬಾಯಿ ತಾನೇ ಮುಚ್ಚಿಕೊಳ್ಳುತ್ತದೆ, ಹಾಗೆಯೇ ತೆಗೆದು ಎಸೆದರಾಯಿತು, ಕೈಗೂ ಧೂಳಿಲ್ಲ ಮೂಗಿಗೂ ಇಲ್ಲ. ಕೋಲಿನದರಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ. ತುಂಬಿದ ಹಾಗೆಲ್ಲ ಬಿಚ್ಚಿ ಸುರಿಯಬೇಕು, ಒಳಗಿನ ಜಾಲರಿಯನ್ನು ಬಡಿದು ಕೊಡವಬೇಕು. ಅವಳು ಡಬ್ಬಿಯನ್ನು ಬಿಚ್ಚಿ, ಹಾಕಿ, ಮತ್ತೆ ಬಿಚ್ಚಿ ನೋಡಿದಳು. ದೊಡ್ಡದರ ಹಿಡಿಕೆಯ ಮೇಲೆ ಕೈಯಿಟ್ಟಳು.

"ಇದಾಗ್ಬೋದು ಅಮ್ಮಾ."

"ಉಬ್ಬಸ ಇದ್ದೋರಿಗೆ ಚೀಲದ್ದೇ ಸರಿ," ಎಂದು ಸಾಹೇಬರೂ ಹೇಳಿದರು.

ನಾನು ದೊಡ್ಡದನ್ನು ಎತ್ತಿ ನೋಡಿದೆ. ತುಂಬಿದ ಬಿಂದಿಗೆಯಷ್ಟು ಭಾರವಿತ್ತು. "ಇದನ್ನ ಮೆಟ್ಲು ಹತ್ತಿಸಿ ಒಯ್ಯೋರು ಯಾರು? ನಿನ್ ಕೈಲಾಗ್ತದಾ? ಕರೆಂಟು ಬೇರೆ ದಿನಾ ಹೋಗ್ತದೆ. ಅದು ಹಗೂರ ಇದೆ, ವೈರಿನ ರಗಳೆಯಿಲ್ಲ, ಸದ್ದೂ ಕಮ್ಮಿ," ಎಂದೆ.

"ಒಂದ್ಸಲ ಮೇಲೆ ಒಯ್ದ್ರೆ ಅಲ್ಲೇ ಇಡ್ಬೋದಲ್ಲ ಅಮ್ಮಾ."

"ಎಲ್ಲಿಡ್ತೀಯ? ರೂಮಲ್ಲಿಟ್ರೆ ಬಂದೋರಿಗೆ ಚೆನ್ನಾಗಿ ಕಾಣ್ತದಾ? ನಿನ್ ಒಳ್ಳೇದಕ್ಕೇ ಹೇಳ್ತಿದೀನಿ ಮಾರಾಯ್ತಿ."

ಅವಳು ಹಿಡಿಕೆಯ ಮೇಲಿದ್ದ ಕೈ ತೆಗೆದಳು. "ನಿಮ್ಮಿಷ್ಟ," ಎಂದಳು.

ನಾನು ಹೇಳಿದ್ದರಲ್ಲಿ ಯಾವುದೂ ಸುಳ್ಳಲ್ಲ. ಭಾರವಿದ್ದದ್ದು ನಿಜ, ಕರೆಂಟು ಹೋಗುತ್ತಿದ್ದದ್ದು ನಿಜ. ಆದರೆ ಸಾಲು ಕಟ್ಟಡದ ಕೊನೆಯಲ್ಲಿ ಒಂದು ಸಣ್ಣ ಕೋಣೆ ಇತ್ತು. ಹೆಚ್ಚಿನ ಹಾಸಿಗೆಗಳನ್ನು ಅಲ್ಲಿಡುತ್ತಿದ್ದೆವು, ಒಂದು ಮೆಷಿನ್ನಿಗೆ ಜಾಗ ಆಗದೆ ಇರುತ್ತಿರಲಿಲ್ಲ. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಮೂಡಿಗೆರೆ ಹತ್ತಿರದ ನೆಂಟರ ಹೋಂಸ್ಟೇಯಲ್ಲಿ ಇಂಥದೇ ಕೋಲಿನ ಮೆಷಿನ್ನು ಕಂಡಿದ್ದೆ, ಅದು ನನ್ನ ಮನಸ್ಸಿನಲ್ಲಿ ಕೂತಿತ್ತು. ಅಂಗಡಿಗೆ ಹೋಗುವ ಮೊದಲೇ ನಾನು ಆರಿಸಿಯಾಗಿತ್ತು. ಅವಳನ್ನು ಕರೆದುಕೊಂಡು ಹೋದದ್ದು ಅವಳ ಮಾತು ಕೇಳಲಿಕ್ಕಲ್ಲ, ಸಾಹೇಬರು ಅವಳಿಗೆ ಓಡಿಸಲು ಕಲಿಸಲಿ ಎಂದು.

ಮೊದಲ ವಾರ ತೋಟದವರೆಲ್ಲ ಬಂದು ಮೆಷಿನ್ನು ನೋಡಿದರು. ಅವಳು ಅದನ್ನು ಬಹಳ ಬೇಗ ಕಲಿತಳು. ಚಾರ್ಜು ಕಾಲು ಗಂಟೆ ಬರುತ್ತಿತ್ತು, ಒಂದೂವರೆ ರೂಮಿಗೆ ಸಾಕು. ಕಾರ್ಪೆಟ್ಟಿನ ಕೆಂಧೂಳು ನುಣ್ಣಗೆ ರಾಗಿಹಿಟ್ಟಿನಂತಿರುತ್ತಿತ್ತು, ಡಬ್ಬಿ ಬಹಳ ಬೇಗ ತುಂಬುತ್ತಿತ್ತು, ಜಾಲರಿ ಕಟ್ಟಿಕೊಂಡರೆ ಮೆಷಿನ್ನು ಎಳೆಯುತ್ತಲೇ ಇರಲಿಲ್ಲ. ದಿನಕ್ಕೆ ಏಳೆಂಟು ಸಲ ಅವಳು ಡಬ್ಬಿ ಹಿಡಿದುಕೊಂಡು ಹೊರಗೆ ಹೋಗುತ್ತಿದ್ದಳು.

ಜನವರಿಯಲ್ಲೋ ಫೆಬ್ರವರಿಯಲ್ಲೋ ಒಂದು ಬೆಳಿಗ್ಗೆ ಅಡುಗೆಮನೆಯ ಕಿಟಕಿಯಿಂದ ಅವಳನ್ನು ಕಂಡೆ. ಸೌದೆ ಕೊಟ್ಟಿಗೆಯ ಪಕ್ಕದಲ್ಲಿ, ಸಿಲ್ವರ್ ಓಕ್ ಮರಕ್ಕೆ ಜಾಲರಿಯನ್ನು ಬಡಿಯುತ್ತಿದ್ದಳು. ತೋಳನ್ನು ಆದಷ್ಟು ದೂರಕ್ಕೆ ಚಾಚಿ, ಮುಖವನ್ನು ಹಿಂದಕ್ಕೆ ತಿರುಗಿಸಿ, ಉಸಿರು ಬಿಗಿಹಿಡಿದು. ಧೂಳು ಎದ್ದು, ಗಾಳಿಗೆ ತಿರುಗಿ ಅವಳ ಮೇಲೆಯೇ ಬಂತು. ಅವಳು ಮರಕ್ಕೆ ಕೈಕೊಟ್ಟು ಬಾಗಿದಳು. ಇದು ಸರಿಯಿಲ್ಲ, ಬೇರೆ ಯಾರಿಗಾದರೂ ಕೊಡವಲು ಹೇಳಬೇಕು, ಕೊನೆಗೆ ಮುಖಕ್ಕೆ ಬಟ್ಟೆ ಕಟ್ಟಿಕೊ ಎಂದಾದರೂ ಹೇಳಬೇಕು ಎಂದುಕೊಂಡೆ. ಅಷ್ಟರಲ್ಲಿ ಗೇಟಿನಲ್ಲಿ ಕಾರು ಬಂತು. ಸಂಜೆಗೆ ಮರೆತುಹೋಯಿತು. ಮರೆತುಹೋಯಿತು ಎನ್ನುವುದೂ ಪೂರ್ತಿ ನಿಜವಲ್ಲ. ಎರಡು ಮೂರು ಸಲ ನೆನಪಾಯಿತು, ನಾಳೆ ಹೇಳಿದರಾಯಿತು ಅನ್ನಿಸಿತು.

ಮಾರ್ಚಿನಲ್ಲಿ ಅವಳೇ ಒಮ್ಮೆ ಕೇಳಿದಳು. ಬಟ್ಟೆ ಮಡಚುತ್ತಾ, ನನ್ನ ಕಡೆ ನೋಡದೆ.

"ಅಮ್ಮಾ, ಆ ಸಾಹೇಬ್ರು ಇದನ್ನ ವಾಪಸ್ ತಗೊಂಡು ಚೀಲದ್ದು ಕೊಡ್ತಾರಾ?"

"ಇಷ್ಟು ದಿನ ಬಳಸಿದ್ಮೇಲೆ ಹೆಂಗೆ ಕೇಳದು? ಚೆನ್ನಾಗೇ ಇದೆಯಲ್ಲ."

"ಇದೆ ಇದೆ. ಸುಮ್ನೆ ಕೇಳ್ದೆ."

ಮತ್ತೆ ಕೇಳಲಿಲ್ಲ. ಅವಳು ಒಂದು ವಿಷಯವನ್ನು ಎರಡು ಸಲ ಕೇಳುವವಳಲ್ಲ ಎನ್ನುವುದು ನನಗೆ ಗೊತ್ತಿರಬೇಕಿತ್ತು.

ಜೂನಿನ ಮಳೆ ಹಿಡಿದ ಮೇಲೆ ಒಂದು ದಿನ ಹಗುರದ ಆ ಮೆಷಿನ್ನನ್ನು ಹಿಡಿದುಕೊಂಡೇ ಮೆಟ್ಟಿಲಿನ ಅರ್ಧದಲ್ಲಿ ಕೂತುಬಿಟ್ಟಳು. ಕೊಡೆ ಪಕ್ಕಕ್ಕೆ ಬಿದ್ದಿತ್ತು. ತುಟಿ ನೀಲಿಯಾಗಿತ್ತು. ಮೆಷಿನ್ನು ನೆನೆಯದಿರಲಿ ಎಂದು ಅದನ್ನು ಸೆರಗಿನೊಳಗೆ ಸುತ್ತಿ ಎದೆಗೆ ಅವಚಿಕೊಂಡಿದ್ದಳು. ಆಸ್ಪತ್ರೆಯಲ್ಲಿ ಹತ್ತು ದಿನ ಆಮ್ಲಜನಕ ಕೊಟ್ಟರು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಧೂಳಿಂದ ದೂರ ಇಡಿ ಅಂದಿದ್ನಲ್ಲಾ?" ಎಂದರು. "ಮೆಷಿನ್ ತಂದ್ವಿ ಡಾಕ್ಟ್ರೇ," ಎಂದೆ. ಅವರು ಮತ್ತೇನೂ ಕೇಳಲಿಲ್ಲ. ಅಲ್ಲಿಂದ ಮಗಳು ಬಂದು ಕಳಸಕ್ಕೆ ಕರೆದುಕೊಂಡು ಹೋದಳು.

ನಾನು ನೋಡಲು ಹೋದದ್ದು ಒಂದೇ ಸಲ. ಅವಳಿಗೆ ಮಲಗಲು ಆಗುತ್ತಿರಲಿಲ್ಲ. ಗೋಡೆಗೆ ದಿಂಬುಗಳನ್ನು ಒರಗಿಸಿ ಕೂರಿಸಿದ್ದರು. ಹಗಲೂ ರಾತ್ರಿಯೂ ಕೂತೇ ಇರುತ್ತಿದ್ದಳಂತೆ. ನಾಲ್ಕು ತಿಂಗಳ ಹಿಂದೆ ಗಂಡಸರಿಗೂ ಗದರುತ್ತಿದ್ದವಳು ಈಗ ಎರಡು ಶಬ್ದಕ್ಕೊಮ್ಮೆ ನಿಲ್ಲುತ್ತಿದ್ದಳು. ನಾನು ತಂದಿದ್ದ ಹಣ್ಣನ್ನು ನೋಡಿ ತಲೆಯಾಡಿಸಿದಳು. ಆಮೇಲೆ ಕೇಳಿದಳು:

"ರೂಮು... ಯಾರು ಮಾಡ್ತಿದಾರೆ?"

"ನಾನೇ ಮಾಡ್ತಿದೀನಿ. ಯಾರೂ ಸಿಕ್ಕಿಲ್ಲ."

ಅವಳು ನನ್ನ ಕೈ ಹಿಡಿದುಕೊಂಡಳು. ಐದು ವರ್ಷದಲ್ಲಿ ಅದೇ ಮೊದಲು. ಬೆರಳ ತುದಿಗಳು ದಪ್ಪಗೆ ಉಬ್ಬಿದ್ದವು.

"ಡಬ್ಬಿ ಕೊಡವೋವಾಗ... ಗಾಳಿ ಬೆನ್ನಿಗಿರ್ಲಿ. ಮುಖಕ್ಕೆ... ಬಟ್ಟೆ ಕಟ್ಕಳಿ ಅಮ್ಮಾ. ಒದ್ದೆ ಬಟ್ಟೆ."

ಕಿಟಕಿಯಲ್ಲಿ ನಿಂತು ನಾನು ಹೇಳದೆ ಬಿಟ್ಟ ಮಾತನ್ನು ಅವಳು ನನಗೆ ಹೇಳುತ್ತಿದ್ದಳು. ನಾನು "ಆಯ್ತು" ಎಂದೆ. ಬಸ್ಸಿನ ಹೊತ್ತಾಯಿತೆಂದು ಎದ್ದೆ. ಇನ್ನೂ ಒಂದು ಗಂಟೆಯಿತ್ತು. ಅವಳು ಬದುಕಿದ್ದದ್ದು ಅದಾಗಿ ಮೂರು ವಾರ.

ಮಣ್ಣಿಗೆ ಹೋಗಿ ಬಂದೆವು. ಆಮೇಲಿನ ದಿನಗಳಲ್ಲೂ ರೂಮಿನ ಕೆಲಸ ನನ್ನ ಮೇಲೆಯೇ ಇತ್ತು. ಡಬ್ಬಿ ಬಿಚ್ಚಿದಾಗೆಲ್ಲ ಧೂಳು ಮುಖಕ್ಕೆ ಬರುತ್ತಿತ್ತು. ಎಷ್ಟು ಎಚ್ಚರವಾಗಿದ್ದರೂ ಬರುತ್ತಿತ್ತು. ಗಾಳಿ ಬೆನ್ನಿಗಿದ್ದರೂ ಬರುತ್ತಿತ್ತು. ಗಟ್ಟಿ ಎದೆಯ ನನಗೇ ಗಂಟಲು ಕೆರೆದು ಕೆಮ್ಮು ಬರುತ್ತಿತ್ತು. ಇನ್ನೂ ಹದಿನೈದು ದಿನ ಮಾಡಿ, ಕಾರ್ಪೆಟ್ಟುಗಳನ್ನೇ ಕಿತ್ತು ಹಾಕಿಸಿದೆ. ನೆಲ ತಣ್ಣಗಿದೆ ಎಂದು ಆಮೇಲೆ ಒಬ್ಬರೂ ಬಿಟ್ಟುಹೋಗಲಿಲ್ಲ.

ತಿಂಗಳ ಮೇಲೆ ಮಗಳು ಅವಳ ಸಾಮಾನು ಒಯ್ಯಲು ಬಂದಳು. ಒಂದು ಟ್ರಂಕು, ಒಂದು ಕಂಬಳಿ. ಅಮ್ಮನ ಹಾಗೆಯೇ ಎತ್ತರ, ಮಾತು ಮಾತ್ರ ಮೆಲು. ಕಾಫಿ ಕೊಟ್ಟೆ. ಕುಡಿಯುತ್ತಾ ಸುತ್ತ ನೋಡಿದವಳ ಕಣ್ಣು ಮೂಲೆಯಲ್ಲಿದ್ದ ಮೆಷಿನ್ನಿನ ಮೇಲೆ ನಿಂತಿತು.

"ಅವ್ವ ಹೇಳ್ತಿದ್ದಿದ್ದು ಇದೇನಾ ಅಮ್ಮಾ?"

"ಹೂಂ."

ಅವಳು ಇನ್ನೇನೂ ಕೇಳಿರಲಿಲ್ಲ. ನಾನೇ ಹೇಳಿದೆ. ಯಾಕೆ ಹೇಳಿದೆನೋ, ಆ ಮಾತು ಬಾಯಲ್ಲಿ ಸಿದ್ಧವಾಗಿ ಕೂತಿತ್ತೇನೋ.

"ಅವಳೇ ಆರಿಸಿದ್ದು. ಅಂಗಡೀಲಿ ದೊಡ್ಡದೂ ಇತ್ತು, ಚೀಲದ್ದು. ನಾನು ಅದು ತಗೊಳ್ಳಣ ಅಂದೆ. ಇದೇ ಬೇಕು ಅಂದ್ಲು."

ಮಗಳು ಲೋಟ ಕೆಳಗಿಟ್ಟು ನನ್ನ ಮುಖ ನೋಡಿದಳು. ಸಿಟ್ಟಿರಲಿಲ್ಲ. ಎಲ್ಲೋ ಕೇಳಿದ್ದನ್ನೂ ಇದನ್ನೂ ಹೊಂದಿಸಿಕೊಳ್ಳಲು ನೋಡುತ್ತಿದ್ದ ಹಾಗಿತ್ತು.

"ಹೌದಾ? ಅವ್ವ ನಂಗೆ ಬೇರೆ ಥರ ಹೇಳಿದ್ಲು ಅಮ್ಮಾ. 'ನಾನು ದೊಡ್ಡದೇ ಆಗ್ಬೋದು ಅಂದೆ, ನಮ್ಮಮ್ಮಾವ್ರು ಕೇಳ್ಲಿಲ್ಲ, ನಂಗೆ ಮೆಟ್ಲು ಹತ್ತೋದು ಕಷ್ಟ ಅಂತ ಎತ್ತಿ ನೋಡಿ ಹಗೂರದ್ದೇ ಕೊಡ್ಸಿದ್ರು' ಅಂತ. ಸಂಕ್ರಾಂತಿಗೆ ಬಂದಾಗ ನಮ್ಮ ಬೀದೀಲಿ ಎಲ್ಲರ ಹತ್ರನೂ ಹೇಳ್ಕೊಂಡು ಓಡಾಡಿದ್ಲು. 'ಯಾರು ಹಂಗೆ ನೋಡ್ಕೊಳ್ತಾರೆ ಹೇಳಿ' ಅಂತ."

ನಾನು ಅವಳು ಕೆಳಗಿಟ್ಟ ಲೋಟ ಎತ್ತಿಕೊಂಡೆ. ಅವಳೇ ಆಮೇಲೆ, "ಕೊನೆಕೊನೇಗೆ ನೆನಪು ಸರಿ ಇರ್ಲಿಲ್ಲ ಅವ್ಳಿಗೆ," ಎಂದಳು. ಸಂಕ್ರಾಂತಿಗೂ ಕೊನೆಗೂ ನಡುವೆ ಆರು ತಿಂಗಳಿದ್ದದ್ದು ನಮ್ಮಿಬ್ಬರಿಗೂ ಗೊತ್ತಿತ್ತು.

ಎದ್ದು ಹೋಗಿ ಟ್ರಂಕಿನ ಒಂದು ಹಿಡಿಕೆಗೆ ಕೈಹಾಕಿದಳು. ಬಸ್ಸಿನವರೆಗೆ ಬರುತ್ತೇನೆ ಎಂದು ನಾನು ಇನ್ನೊಂದು ಹಿಡಿಕೆ ಹಿಡಿಯಲು ಬಾಗಿದೆ.

"ಬೇಡಿ ಅಮ್ಮಾ," ಎಂದು ಅವಳು ಅದನ್ನು ಒಬ್ಬಳೇ ಎತ್ತಿ ತಲೆಯ ಮೇಲಿಟ್ಟುಕೊಂಡು ಅಂಗಳ ದಾಟಿದಳು.